ಆಪತ್ತನ್ನು ಮೊದಲು ಕಂಡವನ ಮಾತು

ಕೆರೆಯ ಏರಿ ಬಿರಿಯುವುದನ್ನು ಮೊದಲು ಕಾಣುವವರು ಯಾರು? ವಾಚಕ ಮಹಾಶಯರು ಈ ಪ್ರಶ್ನೆಯನ್ನು ಒಂದು ಗಳಿಗೆ ತಮ್ಮಲ್ಲಿಯೇ ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ. ತಾಲ್ಲೂಕು ಕಚೇರಿಯವರು ಕಾಣುವುದಿಲ್ಲ. ಇಂಜಿನಿಯರರೂ ಕಾಣುವುದಿಲ್ಲ. ಆಕಾಶದಲ್ಲಿ ಸುತ್ತುವ ಕೃತಕ ಉಪಗ್ರಹ ಮೋಡವನ್ನು ಕಾಣಬಲ್ಲದು. ಮೋಡದ ಕೆಳಗೆ, ಕತ್ತಲಲ್ಲಿ, ಏರಿಯ ಬುಡದಲ್ಲಿ ಜಿನುಗುವ ನೀರನ್ನು ಅದು ಕಾಣಲಾರದು. ಅದನ್ನು ಕಾಣುವವನು ಆ ಹೊತ್ತಿನಲ್ಲಿ ಅಲ್ಲಿ ನಿಂತಿದ್ದ ಒಬ್ಬ ಮನುಷ್ಯ. ಅವನ ಕಣ್ಣು ಕಂಡದ್ದು ಹತ್ತು ಊರುಗಳ ಕಿವಿಗೆ ಎಷ್ಟು ಬೇಗ ಮುಟ್ಟೀತು, ಮುಟ್ಟಿದಾಗ ಎಷ್ಟು ಜನ ಅದನ್ನು ನಂಬಿಯಾರು ಎಂಬುದರ ಮೇಲೆ ಆ ಊರುಗಳ ಅಳಿವು ಉಳಿವು ನಿಂತಿರುತ್ತದೆ.

ಈಗ ಮೊಬೈಲ್ ಫೋನುಗಳ ಮೂಲಕ ಸಾಮಾನ್ಯ ಜನರು ಕಳುಹಿಸುವ ಮಾತು, ಚಿತ್ರಗಳನ್ನು ಒಟ್ಟುಗೂಡಿಸಿ, ನೆರೆ, ಭೂಕಂಪ, ಬಿರುಗಾಳಿ ಮೊದಲಾದ ವಿಪತ್ತುಗಳನ್ನು ಗುರುತಿಸುವ ಕೆಲಸ ಲೋಕದ ನಾನಾ ಕಡೆಗಳಲ್ಲಿ ನಡೆದಿದೆ. ಇದು ತೀರ ಹೊಸ ವಿದ್ಯೆಯೆಂದು ನಾವು ಬೆರಗಾಗುತ್ತೇವೆ. ಆದರೆ ಇದರ ಬೇರು ಬಹಳ ಹಳೆಯದು. ಆ ಬೇರಿನ ಒಂದು ಎಳೆ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆರೆಯ ಏರಿಗಳ ಮೇಲೆಯೇ ಇದೆ.

ನಮ್ಮ ಸೀಮೆಯ ಸ್ಥಿತಿಯನ್ನು ಮೊದಲು ನೆನೆಯೋಣ. ಇಲ್ಲಿ ಜೀವನದಿಯೆಂಬುದಿಲ್ಲ. ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟುವ ಪಾಲಾರ್, ದಕ್ಷಿಣ ಪಿನಾಕಿನಿ ನದಿಗಳು ನಕಾಶೆಯಲ್ಲಿ ನದಿಗಳು. ವರ್ಷದ ಬಹುಕಾಲ ನೆಲದ ಮೇಲೆ ಬರಿಯ ಮರಳು. ಆದಕಾರಣ ನಮ್ಮ ಹಿರಿಯರು ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವುದಕ್ಕೆ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವು. ಇವು ಬಿಡಿಬಿಡಿಯಾದ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಹಾರದಲ್ಲಿ ಮಣಿ ಪೋಣಿಸಿದಂತೆ ಈ ಸಾಲು. ಇದರಿಂದ ಬಂದ ಭಾಗ್ಯವನ್ನು ಎಲ್ಲರೂ ಬಲ್ಲರು. ಇದರೊಳಗಿನ ಅಪಾಯವನ್ನು ಮರೆಯುತ್ತೇವೆ. ಮೇಲಿನ ಊರಿನ ಏರಿ ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಯ ಮೇಲೆ ಬೀಳುತ್ತದೆ. ಅದೂ ಒಡೆದರೆ ಎರಡು ಕೆರೆಗಳ ನೀರು ಮೂರನೆಯದರ ಮೇಲೆ. ಹೀಗಿರುವಲ್ಲಿ ಒಂದೇ ಉಪಾಯ: ನೀರಿಗಿಂತ ಮುಂದಾಗಿ ಮಾತು ಓಡಬೇಕು.

ಆ ಮಾತನ್ನು ಓಡಿಸುವ ವ್ಯವಸ್ಥೆಯೊಂದು ನಮ್ಮ ಹಳ್ಳಿಗಳಲ್ಲಿ ಇದ್ದಿತು. ನೀರುಗಂಟಿಯನ್ನು ನೀವು ಬಲ್ಲಿರಿ. ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ನಿತ್ಯದ ಕೆಲಸ. ಆದರೆ ಜಡಿಮಳೆಯ ರಾತ್ರಿಗಳಲ್ಲಿ ಏರಿಯ ಮೇಲೆ ಲಾಂದ್ರ ಹಿಡಿದು ನಡೆಯುವುದೂ ಅವನ ಪಾಲಿಗೇ ಬಂದಿದ್ದಿತು. ಏರಿಯ ಹೊರಮೈಯ ಬುಡದಲ್ಲಿ ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಅದೇ ನೀರು ಬಗ್ಗಡವಾಗಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆಯೆಂದು ಅರ್ಥ. ಈ ಭೇದವನ್ನು ಇಂದಿನ ಇಂಜಿನಿಯರಿಂಗ್ ಶಾಸ್ತ್ರವೂ ಹೇಳುತ್ತದೆ. ನೀರುಗಂಟಿ ಅದನ್ನು ಅಂಗೈಯಲ್ಲಿ ನೀರು ಮೊಗೆದು ನೋಡಿ ಹೇಳುತ್ತಿದ್ದನು. ಬಗ್ಗಡವೆಂದು ಅವನು ಕೂಗಿದರೆ ತೋಟಿ ತಮಟೆ ಬಾರಿಸುವನು. ಊರೆಲ್ಲ ಗುದ್ದಲಿ, ಮಂಕರಿ, ಹುಲ್ಲಿನ ಹೊರೆಗಳೊಡನೆ ಏರಿಗೆ ಓಡುವುದು. ಕೆಳಗಿನ ಊರಿಗೆ ಒಬ್ಬ ಆಳು ಓಡುವನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ನೀರುಗಂಟಿ, ತೋಟಿಗಳು ಬಹುಮಟ್ಟಿಗೆ ಊರಾಚೆಯ ಕೇರಿಯವರು. ಅವರ ಒಂದು ಕೂಗಿಗೆ ಊರೆಲ್ಲ ಎದ್ದು ನಿಲ್ಲುತ್ತಿದ್ದಿತು. ಆದರೆ ಊರೊಳಗೆ ನಿಲ್ಲುವ ಹಕ್ಕು ಅವರಿಗಿರಲಿಲ್ಲ. ಆಪತ್ತಿನ ರಾತ್ರಿ ಅವರ ಮಾತು ಪ್ರಮಾಣ; ಬೆಳಗಾದರೆ ಅವರ ಮಾತಿಗೆ ಬೆಲೆಯಿಲ್ಲ. ಮೈಸೂರು ರಾಜ್ಯದ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1961ರಲ್ಲಿ ಆಗಿ 1963ರ ಫೆಬ್ರುವರಿಯಿಂದ ಜಾರಿಗೆ ಬಂದಾಗ ವಂಶಪಾರಂಪರ್ಯದ ಈ ಊಳಿಗಗಳು ಕೊನೆಗೊಂಡುವು. ಅದು ಆಗಬೇಕಾಗಿದ್ದ ನ್ಯಾಯ. ಆದರೆ ಅವರು ಮಾಡುತ್ತಿದ್ದ ಕಾವಲಿನ ಕೆಲಸವನ್ನು ಸಂಬಳ, ಗೌರವಗಳೊಡನೆ ಇನ್ನಾರಿಗಾದರೂ ಒಪ್ಪಿಸಬೇಕೆಂಬ ಯೋಚನೆ ಬಹು ಕಡೆಗಳಲ್ಲಿ ಆಗಲಿಲ್ಲ. ಏರಿಗಳ ಮೇಲೆ ಜಾಲಿ ಬೆಳೆಯಿತು.

ಮಾತು ನೀರಿಗಿಂತ ಹಿಂದೆ ಬಿದ್ದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. 1903ರ ನವೆಂಬರ್ ತಿಂಗಳಿನಲ್ಲಿ ಭಾರಿ ಮಳೆ ಸುರಿದು, ಪಾಲಾರ್ ಪಾತ್ರದ ಮೇಲ್ಭಾಗದಲ್ಲಿದ್ದ ಕೆರೆಗಳು ಒಡೆದುವು. ವರ್ಷವೆಲ್ಲ ಮರಳಾಗಿ ಮಲಗಿರುತ್ತಿದ್ದ ನದಿ ಎದ್ದು ಹೋಗಿ, ಕೆಳಗೆ ತಮಿಳು ಸೀಮೆಯ ವಾಣಿಯಂಬಾಡಿಯ ಮೇಲೆ ಬಿದ್ದಿತು. ಮನೆಮಠಗಳು ಕೊಚ್ಚಿಹೋದುವು, ಅನೇಕರು ಪ್ರಾಣ ಕಳೆದುಕೊಂಡರು. ಮೇಲಿನವರು ಕಂಡ ಆಪತ್ತು ಕೆಳಗಿನವರ ಮನೆಬಾಗಿಲಿಗೆ ನೀರಿನ ರೂಪದಲ್ಲಿಯೇ ಬಂದಿತು.

ಇದಾದ ಐದು ವರ್ಷಕ್ಕೆ, 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಮುಂದಿನ ವರ್ಷ ಅಲ್ಲಿಗೆ ಹೋಗಿ ಕಾರಣ ಶೋಧಿಸಿದವರು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು, ಅವರ ಹುಟ್ಟೂರು ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಗೆ ಸೇರಿದ್ದಿತು. ಮೂಸಿಯ ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದುವೆಂದು ಅವರು ಲೆಕ್ಕ ಕಂಡರು. ಕೆರೆಗಳ ನಾಡಿನಲ್ಲಿ ಹುಟ್ಟಿದವರಿಗೆ ಆ ಅಂಕಿಯ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಅವರ ಯೋಜನೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಲ್ಪಟ್ಟುವು.

ಇನ್ನು ನೆರೆಯಂತೆ ಗರ್ಜಿಸಿ ಬಾರದೆ, ಮೆಲ್ಲನೆ ಬಂದು ಕೂರುವ ಆಪತ್ತು ಬರಗಾಲ. 1876ರಿಂದ 78ರ ವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಪಟ್ಟ ಪಾಡು ಜನಗಣತಿಯಲ್ಲಿಯೇ ಉಳಿದಿದೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಆ ಬಳಿಕ 1880ರ ಕ್ಷಾಮ ಆಯೋಗದ ಸಲಹೆಯಂತೆ ಕ್ಷಾಮ ಸಂಹಿತೆಗಳು ಬಂದುವು. ಅವುಗಳಲ್ಲಿ ಮೆಚ್ಚತಕ್ಕ ಒಂದು ಸಂಗತಿಯುಂಟು. ಜನ ಸಾಯತೊಡಗಿದ ಮೇಲೆ ವರದಿ ಬರೆಯುವುದಲ್ಲ. ಧಾನ್ಯದ ಬೆಲೆ ಏರುವುದು, ಜನ ಊರು ಬಿಟ್ಟು ಅಲೆಯತೊಡಗುವುದು, ಸಣ್ಣಪುಟ್ಟ ಕಳ್ಳತನ ಹೆಚ್ಚುವುದು, ಇಂಥ ಮುನ್ಸೂಚನೆಗಳನ್ನು ಹಳ್ಳಿಹಳ್ಳಿಯಿಂದ ತರಿಸಿಕೊಂಡು ನೋಡುತ್ತಿರಬೇಕೆಂದು ವಿಧಿಸಿದರು. ಹಲವರು ಕಂಡ ಚಿಕ್ಕ ಚಿಕ್ಕ ಸಂಗತಿಗಳನ್ನು ಒಂದೆಡೆ ರಾಶಿ ಹಾಕಿದರೆ ದೊಡ್ಡ ಆಪತ್ತಿನ ಮುಖ ಕಾಣುತ್ತದೆಂಬ ತತ್ತ್ವವೇ ಇದು.

ಪಶ್ಚಿಮದಲ್ಲಿಯೂ ಇದೇ ದಾರಿ. 1755ರ ನವೆಂಬರ್ 1ರಂದು ಪೋರ್ಚುಗಲ್ ದೇಶದ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾದಾಗ, ಅಲ್ಲಿನ ಮಂತ್ರಿ ಪೊಂಬಾಲ್ ಎಂಬವನು ಊರೂರಿನ ಪಾದ್ರಿಗಳಿಗೆ ಪ್ರಶ್ನೆಗಳ ಪಟ್ಟಿ ಕಳುಹಿಸಿದನು. ಕಂಪನ ಎಷ್ಟು ಹೊತ್ತು ಇದ್ದಿತು? ಎಷ್ಟು ಮಂದಿ ಸತ್ತರು? ಸಮುದ್ರ ಮೊದಲು ಏರಿತೋ ಇಳಿಯಿತೋ? ಭಾರತದಲ್ಲಿ 1897ರ ಅಸ್ಸಾಂ ಭೂಕಂಪವಾದಾಗ ಭೂವಿಜ್ಞಾನ ಇಲಾಖೆಯ ಓಲ್ಡ್‌ಹ್ಯಾಮ್ ಎಂಬ ವಿದ್ವಾಂಸರು ನಾನಾ ಊರುಗಳ ಜನರಿಂದ ಬಂದ ವರ್ತಮಾನಗಳನ್ನು ಜೋಡಿಸಿ ದೊಡ್ಡ ಗ್ರಂಥವನ್ನೇ ರಚಿಸಿದರು. ಕಾಗದ ಬಂದು ಸೇರುವುದಕ್ಕೆ ಆಗ ವಾರಗಳು ಹಿಡಿಯುತ್ತಿದ್ದುವು. ಅಮೆರಿಕದ ಭೂವಿಜ್ಞಾನ ಇಲಾಖೆ 1999ರಿಂದ ಇದೇ ಪ್ರಶ್ನೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ: ‘ನಿಮಗೆ ನಡುಕ ತಿಳಿಯಿತೆ?’ ಎಂದು. ವಾರಗಳ ಕೆಲಸ ಈಗ ನಿಮಿಷಗಳದ್ದು. ಪ್ರಶ್ನೆ ಮಾತ್ರ ಪೊಂಬಾಲನದೇ.

ಮಳೆಯ ವಿಷಯದಲ್ಲಿ ಅಮೆರಿಕದ ಕೊಲರಾಡೋ ಸೀಮೆಯ ನಿದರ್ಶನ ನಮಗೆ ಹತ್ತಿರದ್ದು. 1997ರ ಜುಲೈಯಲ್ಲಿ ಫೋರ್ಟ್ ಕಾಲಿನ್ಸ್ ಎಂಬ ಊರಿನ ಒಂದು ಮಗ್ಗುಲಲ್ಲಿ 14 ಅಂಗುಲಕ್ಕೂ ಮೇಲ್ಪಟ್ಟು ಮಳೆ ಸುರಿಯಿತು. ಕೆಲವೇ ಮೈಲಿ ಆಚೆ ಎರಡಂಗುಲವೂ ಇಲ್ಲ. ನೆರೆ ಬಂದು ಐವರು ಸತ್ತರು. ಸರ್ಕಾರದ ಮಳೆಮಾಪಕಗಳು ಇಷ್ಟು ಅಂತರವನ್ನು ಹಿಡಿಯಲಾರವೆಂದು ತಿಳಿದು, ಮರುವರ್ಷ ಅಲ್ಲಿನ ಗೃಹಸ್ಥರು, ಶಾಲೆಯ ಮಕ್ಕಳು ತಮ್ಮ ತಮ್ಮ ಹಿತ್ತಿಲಲ್ಲಿ ಮಳೆ ಅಳೆದು ಅಂತರ್ಜಾಲಕ್ಕೆ ತಿಳಿಸುವ ಸಂಘವೊಂದನ್ನು ಆರಂಭಿಸಿದರು. ಅದು ಈಗ ಆ ದೇಶವನ್ನೆಲ್ಲ ವ್ಯಾಪಿಸಿದೆ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವ ಮಳೆ ನಮ್ಮ ಕಡೆಯ ರೈತರಿಗೆ ಹೊಸದಲ್ಲವಷ್ಟೆ! ಮಾಲೂರಿನಲ್ಲಿ ಹೊಳೆಯಾದ ದಿನ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಧೂಳು ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಕೇಳದೆಯೇ ಜನ ಆಡಿದ ಮಾತನ್ನು ಆಲಿಸುವುದು ಮುಂದಿನ ಹೆಜ್ಜೆ. ಜಪಾನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಟ್ವಿಟರ್‌ನಲ್ಲಿ ಜನ ಗಾಬರಿಯಿಂದ ಬರೆದ ಪುಟ್ಟ ವಾಕ್ಯಗಳನ್ನು ಯಂತ್ರದಿಂದ ಓದಿಸಿ, ಅಲ್ಲಿನ ಮಾಪನದಲ್ಲಿ 3 ಮತ್ತು ಅದಕ್ಕೆ ಮೇಲ್ಪಟ್ಟ ತೀವ್ರತೆಯ ಭೂಕಂಪಗಳಲ್ಲಿ ನೂರಕ್ಕೆ 96ನ್ನು ಗುರುತಿಸಿದುದಾಗಿ ತಿಳಿಸಿದ್ದಾರೆ. ಇಂಡೋನೇಷ್ಯದ ಜಕಾರ್ತದಲ್ಲಿ 2014ರ ಕೊನೆಯಿಂದ, ಯಾರಾದರೂ ‘ಬಂಜಿರ್’, ಅಂದರೆ ನೆರೆ, ಎಂದು ಬರೆದರೆ ಯಂತ್ರವು ಆತನನ್ನೇ ಕೇಳಿ ಸ್ಥಳವನ್ನು ನಕಾಶೆಯ ಮೇಲೆ ಗುರುತಿಸುವ ಏರ್ಪಾಡಾಯಿತು. 2015ರಲ್ಲಿ ಚೆನ್ನೈ ನಗರ ಮುಳುಗಿದಾಗ ಸಾಮಾನ್ಯ ನಾಗರಿಕರೇ ನೀರು ನಿಂತ ಬೀದಿಗಳನ್ನು ನಕಾಶೆಯ ಮೇಲೆ ಗುರುತಿಸಿ ಒಬ್ಬರಿಗೊಬ್ಬರು ದಾರಿ ತೋರಿದರು. ನೋಡಿ, ತಮಟೆಯ ಕೆಲಸವೇ ಇದು.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಒಂದು ಕೋಶವನ್ನು ಸ್ಥಾಪಿಸಿದ ಕೀರ್ತಿ ದೇಶದಲ್ಲಿ ಮೊದಲು ಕರ್ನಾಟಕಕ್ಕೆ ಸಂದಿತು. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅದು ನಿಲ್ಲಿಸಿರುವ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳುಹಿಸುತ್ತವೆ. ರೈತರ ಪ್ರಶ್ನೆಗೆ ಉತ್ತರಿಸಲು ‘ವರುಣಮಿತ್ರ’, ಮಿಂಚಿನ ಎಚ್ಚರಿಕೆಗೆ ‘ಸಿಡಿಲು’, ಬೆಂಗಳೂರಿನ ನೆರೆಗೆ ‘ಮೇಘಸಂದೇಶ’. ಹೆಸರಿಟ್ಟವರು ಸಾಹಿತ್ಯಪ್ರಿಯರೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಯಂತ್ರಕ್ಕೆ ಮುಂಚೆ ಮನುಷ್ಯನೇ ಕಂಡ ಪ್ರಸಂಗಗಳು ಈಚೆಗೂ ನಡೆದಿವೆ. 2021ರ ಅಕ್ಟೋಬರ್, ನವೆಂಬರ್‌ಗಳಲ್ಲಿ ನಮ್ಮ ಕಡೆ ಅಪೂರ್ವವಾದ ಮಳೆಯಾಯಿತು. ಎಷ್ಟೋ ವರ್ಷಗಳಿಂದ ಬತ್ತಿದ್ದ ಕೆರೆಗಳು ತುಂಬಿದುವು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲಿಯೇ ಮೊಳೆಯಿತು. ಅದರ ಬೆನ್ನಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ನೆಲದೊಳಗಿನಿಂದ ಸದ್ದು ಕೇಳಿಬಂದು ಜನ ಹೆದರಿ ಮನೆಯಿಂದ ಹೊರಗೆ ಬಂದರು. ಡಿಸೆಂಬರ್ 22ರ ಬೆಳಿಗ್ಗೆ ಅಲ್ಲಿ ಎರಡು ಸಣ್ಣ ಕಂಪನಗಳು ಯಂತ್ರಗಳಲ್ಲಿಯೂ ದಾಖಲಾದುವು. ಪ್ರಮಾಣ 3ರ ಆಸುಪಾಸು. ಬಿರುಕುಗಳಿಗೆ ಮಳೆಯ ನೀರು ಇಳಿದುದೇ ಇದಕ್ಕೆ ಕಾರಣವಾಗಿರಬಹುದೆಂದು ವಿಜ್ಞಾನಿಗಳು ಹೇಳಿದರು. ಆ ಸದ್ದನ್ನು ಮೊದಲು ಕೇಳಿದ ಹಳ್ಳಿಗರು ಭ್ರಾಂತರಾಗಿರಲಿಲ್ಲ.

ಇನ್ನೊಂದು ಪ್ರಸಂಗ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಮರುತಿಂಗಳೇ ಅಲ್ಲಿ ನೊರೆ ಎದ್ದಿತು. ಆ ನೊರೆಯ ಚಿತ್ರಗಳು ಎಲ್ಲೆಡೆ ಹರಡಿ, ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದು ನೀರಿಗೆ ತಡೆ ಬಿದ್ದಿತು. ಕೆಲವು ತಿಂಗಳ ಮೇಲೆ ಮತ್ತೆ ಹರಿಸಲು ಅನುಮತಿ ದೊರೆಯಿತು. ಆ ಯೋಜನೆಯ ಗುಣದೋಷ ಬೇರೆ ವಿಚಾರ. ದಡದಲ್ಲಿ ನಿಂತವರು ಕಂಡದ್ದನ್ನು ತೋರಿಸಿದುದರಿಂದ ಅದು ವಿಚಾರಣೆಗೆ ಬಂದಿತೆಂಬುದಷ್ಟೇ ಇಲ್ಲಿ ಮುಖ್ಯ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಅದೇ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸಾಪ್ ಮೂಲಕ ನಾಡೆಲ್ಲ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ಒಬ್ಬನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣನನ್ನು ಜನ ಹೊಡೆದು ಕೊಂದರು. ಅಲ್ಲಿ ಮಾತು ಬಹಳ ಬೇಗ ಓಡಿತು. ಆದರೆ ಅದರ ಹಿಂದೆ ಕಣ್ಣಿರಲಿಲ್ಲ. ಆ ಬಳಿಕವೇ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಸಾಗಹಾಕದಂತೆ ಆ ಕಂಪನಿ ಭಾರತದಲ್ಲಿ ಮಿತಿ ಹಾಕಿದ್ದು.

ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳು. ಶಬ್ದವೆಂದರೆ ಯಾರದೋ ಮಾತಲ್ಲ, ಆಪ್ತನ ಮಾತು. ಆಪ್ತನೆಂದರೆ ನಂಟನಲ್ಲ, ಕಂಡು ಬಲ್ಲವನು, ಬಲ್ಲುದನ್ನು ಇದ್ದಂತೆ ಹೇಳುವವನು. ಬಗ್ಗಡ ನೀರನ್ನು ಅಂಗೈಯಲ್ಲಿ ಹಿಡಿದ ನೀರುಗಂಟಿ ಆಪ್ತ. ಆ ನವೆಂಬರ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಕೆರೆ ಒಡೆಯಿತೆಂದು ಒಂದೇ ಚಿತ್ರ ನನಗೆ ಮೂರು ಕಡೆಯಿಂದ ಬಂದಿತು. ಚಿತ್ರದಲ್ಲಿ ತೆಂಗಿನ ಸಾಲು, ಕೆಂಪು ದೋಣಿ. ನಮ್ಮ ಕೆರೆಗಳಲ್ಲಿ ಅಂಥ ದೋಣಿ ಎಲ್ಲಿ ಬಂದಿತು? ಅದೇ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚಿತ್ರವಿಲ್ಲದೆ ಒಂದೇ ಸಾಲು ಬರೆದಿದ್ದಳು: ಶಾಲೆಯ ಹಿಂದಿನ ಕಾಲುವೆ ದಾರಿಯ ಮೇಲೆ ಹರಿಯುತ್ತಿದೆ, ಮೊಣಕಾಲುದ್ದ, ಆರು ಗಂಟೆ, ನಾನೇ ನಿಂತು ನೋಡಿದೆ, ನಾಳೆ ಮಕ್ಕಳನ್ನು ಕಳುಹಿಸಬೇಡಿ ಎಂದು. ಮೂರು ಕಡೆಯಿಂದ ಬಂದ ಚಿತ್ರ ಸುಳ್ಳು. ಒಬ್ಬಳ ಸಾಲು ನಿಜ. ಎಣಿಕೆಯೊಂದೇ ಪ್ರಮಾಣವಲ್ಲ.

ಮತ್ತೊಂದು ತೊಡಕು ಭಾಷೆಯದು. ‘ಕೆರೆ ಕೋಡಿ ಬಿತ್ತು’ ಎಂದರೆ ನಮಗೆ ಹಬ್ಬ. ಗಂಗೆಗೆ ಬಾಗಿನ ಕೊಡುವ ಸಂಭ್ರಮ. ‘ಏರಿ ಒಡೆಯಿತು’ ಎಂದರೆ ಸರ್ವನಾಶ. ಎರಡರಲ್ಲಿಯೂ ಕೆರೆಯುಂಟು, ನೀರುಂಟು, ಕೂಗಾಟವುಂಟು. ಇವನ್ನು ಬಿಡಿಸಿ ತಿಳಿಯಲು ಯಂತ್ರಕ್ಕೆ ಕಲಿಸಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಗಾಬರಿಯಾದಾಗ ಬಾಯಿಗೆ ಬರುವುದು ತೆಲುಗು; ‘ಚೆರುವು ತೆಗಿಂದಿ’ ಎಂದೇ ಅವರು ಕೂಗುತ್ತಾರೆ. ಇಂಗ್ಲಿಷನ್ನೋ ಗ್ರಂಥದ ಕನ್ನಡವನ್ನೋ ಮಾತ್ರ ಬಲ್ಲ ಯಂತ್ರಕ್ಕೆ ಆ ಕೂಗು ಕೇಳಿಸದು. ಇನ್ನು ಎಲ್ಲಕ್ಕಿಂತ ದೊಡ್ಡ ಅಪಾಯ ಮೌನದ್ದು. ವಿದ್ಯುತ್ ಕಂಬವೇ ಉರುಳಿದ ಊರಿನಿಂದ ಸಂದೇಶ ಬಾರದು. ಫೋನಿಲ್ಲದ ಮುದುಕಿಯ ಗುಡಿಸಲು ಯಾವ ನಕಾಶೆಯ ಮೇಲೂ ಮೂಡದು. ಸುದ್ದಿ ಬಾರದ ಊರು ಸುಖವಾಗಿದೆಯೆಂದು ಅಧಿಕಾರಿಗಳು ಎಣಿಸಿದರೆ, ಹೆಚ್ಚು ಪೆಟ್ಟು ತಿಂದವನಿಗೇ ಕೊನೆಯ ಸಹಾಯ. ಅಂಥ ಕಡೆ ಇಂದಿಗೂ ಕಾಲ್ನಡಿಗೆಯ ಆಳು, ಗುಡಿಯ ಗಂಟೆ, ಮಸೀದಿಯ ಧ್ವನಿವರ್ಧಕ, ಬ್ಯಾಟರಿಯ ರೇಡಿಯೋ, ಇವುಗಳ ಅಗತ್ಯ ತಪ್ಪಿಲ್ಲ.

ಆದಕಾರಣ ವಾಚಕರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಮಳೆಗಾಲದಲ್ಲಿ ನೀವೇನಾದರೂ ಆಪತ್ತನ್ನು ಕಂಡರೆ ಸುಮ್ಮನಿರಬೇಡಿ. ಊರು, ಹೋಬಳಿ, ಹೊತ್ತು ಇವನ್ನು ಮೊದಲು ಬರೆಯಿರಿ. ಕಂಡದ್ದನ್ನು ಬರೆಯಿರಿ, ಊಹೆಯನ್ನು ಊಹೆಯೆಂದೇ ಬರೆಯಿರಿ. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ, ಕೆಳಗಿನ ಊರಿನ ಒಬ್ಬರಿಗೆ ತಿಳಿಸಿ. ಬೇರೆಯವರು ಕಳುಹಿಸಿದ್ದನ್ನು, ಕಳುಹಿಸಿದವರು ಎಷ್ಟೇ ಬೇಕಾದವರಾಗಿರಲಿ, ವಿಚಾರಿಸದೆ ಮುಂದಕ್ಕೆ ಸಾಗಿಸಬೇಡಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಗಾದೆಯೇ ಇದೆ; ಕಾಣದ್ದರ ವಿಷಯದಲ್ಲಿ ಇನ್ನೆಷ್ಟು ಎಚ್ಚರ ಬೇಕು!

ಮತ್ತು ಇನ್ನೊಬ್ಬರು ಬಂದು ಹೇಳಿದಾಗ, ಹೇಳಿದವರು ಯಾರೆಂದು ಅಳೆಯುವುದಕ್ಕೆ ಮುಂಚೆ ಏನನ್ನು ಕಂಡು ಹೇಳಿದರೆಂದು ಕೇಳಿ. ಒಂದು ಕಾಲದಲ್ಲಿ ಕತ್ತಲಲ್ಲಿ ಏರಿಯ ಮೇಲೆ ನಡೆದವನನ್ನು ನಾವು ಹಗಲಲ್ಲಿ ದೂರ ನಿಲ್ಲಿಸಿದೆವು. ಈಗ ಏರಿಯ ಮೇಲೆ ಕುರಿ ಮೇಯಿಸುವ ಹುಡುಗನ ಕೈಯಲ್ಲಿಯೂ ಒಂದು ಫೋನ್ ಇರುತ್ತದೆ. ನಾಳೆ ಅವನು ‘ಬುಡದಲ್ಲಿ ಬಗ್ಗಡ ಬರುತ್ತಿದೆ’ ಎಂದು ಬರೆದರೆ, ಯಾರಾದರೂ ಒಬ್ಬರು ಎದ್ದು ಹೋಗಿ ಅಂಗೈಯಲ್ಲಿ ನೀರು ಮೊಗೆದು ನೋಡಬೇಕು.